ಎರಡೂ ಕಡೆ ಸಿಂಹ

ಅಬ್ಬಿಗೆರೆ
24 ನವೆಂಬರ್ 2024

ಶ್ರೀ ವೇಣುಗೋಪಾಲ್ ಅವರಿಗೆ,

ಪತ್ರ ಶುರು ಮಾಡುವಾಗ ಕ್ಷೇಮ ಕೇಳಬೇಕು. ನಾನು ಕೇಳುತ್ತಿಲ್ಲ. ನೀವು ಚೆನ್ನಾಗಿಯೇ ಇದ್ದೀರಿ ಎಂದು ಹೋದ ಭಾನುವಾರದ ಪೇಪರಿನಲ್ಲಿ ನೋಡಿದೆ. ಅರ್ಧ ಪುಟ, ಬಣ್ಣದ ಫೋಟೋ, ಕೈಯಲ್ಲಿ ನಾಣ್ಯ.

ನಾನು ಪದ್ಮಶ್ರೀ. ನೆನಪಾಗದಿದ್ದರೆ ಹೇಳುತ್ತೇನೆ. ಯಶವಂತಪುರ ಮಾರ್ಕೆಟ್ ಯಾರ್ಡಿನ ಹಿಂದಿನ ಗೇಟಿನ ಹತ್ತಿರ ಕಾಸು ಕೊಟ್ಟು ಹೋಗುವ ಶೌಚಾಲಯವಿದೆಯಲ್ಲ, ಅದರ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂರುವ ಪುಟ್ಟಲಕ್ಷ್ಮಿಯ ಮಗಳು. ನೀವು ಬ್ಯಾಂಕಿನಿಂದ ರಿಟೈರ್ ಆದ ವರ್ಷದಿಂದ ಲಾಕ್‌ಡೌನ್ ಬರುವ ತನಕ, ಎಂಟು ವರ್ಷ, ಪ್ರತಿ ಶನಿವಾರ ಅಲ್ಲಿಗೆ ಬರುತ್ತಿದ್ದಿರಿ. ಡಬ್ಬಿಯ ಚಿಲ್ಲರೆಯನ್ನೆಲ್ಲ ಬಟ್ಟೆ ಚೀಲಕ್ಕೆ ಸುರಿದುಕೊಂಡು ಅಮ್ಮನಿಗೆ ನೋಟು ಕೊಡುತ್ತಿದ್ದಿರಿ. "ಬೆಂಗಳೂರಲ್ಲಿ ಈಗ ಚಿಲ್ಲರೆ ಸಿಗೋದು ಎರಡೇ ಕಡೆ ಪುಟ್ಟಮ್ಮ. ಒಂದು ದೇವರ ಹುಂಡಿ, ಇನ್ನೊಂದು ನಿನ್ನ ಡಬ್ಬಿ" ಎಂದು ನಗುತ್ತಿದ್ದಿರಿ. ಅಮ್ಮನೂ ನಗುತ್ತಿದ್ದಳು.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ನಿಮ್ಮ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ, ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಕಲಿಸಿದವರು ನೀವು. ಶಾಲೆಯಲ್ಲಿ ನಾನು ಎಲ್ಲರಿಗೂ "ನಮ್ಮ ಅಂಕಲ್ ಬ್ಯಾಂಕ್ ಆಫೀಸರ್" ಎಂದು ಹೇಳಿಕೊಂಡು ತಿರುಗುತ್ತಿದ್ದೆ.

2013ರ ಜೂನ್. ನಾನಾಗ ಒಂಬತ್ತನೇ ಕ್ಲಾಸು. ಯಾರೋ ಡಬ್ಬಿಗೆ ಒಂದು ವಿಚಿತ್ರ ಎರಡು ರೂಪಾಯಿ ಹಾಕಿ ಹೋಗಿದ್ದರು. ಖೋಟಾ ಇರಬೇಕೆಂದು ಅಮ್ಮ ಬೀಗದ ಕೈಯಿಂದ ಗೀರಿ ನೋಡಿ ಪಕ್ಕಕ್ಕಿಟ್ಟಿದ್ದಳು. ನಾನು ಅದನ್ನು ನಿಮಗೆ ಕೊಟ್ಟೆ.

"ಅಂಕಲ್, ಇದ್ರಲ್ಲಿ ಎರಡೂ ಕಡೆ ಸಿಂಹ ಇದೆ. ಇಸವಿನೂ ಇಲ್ಲ, ಎರಡು ಅಂತಾನೂ ಇಲ್ಲ."

ನೀವು ತುಂಬ ಹೊತ್ತು ನೋಡಿದಿರಿ. ಆಮೇಲೆ, "ಟಂಕಸಾಲೆಯೋರು ಹಾಳು ಮಾಡಿರೋದು ಕಣಮ್ಮ. ಇದು ಎಲ್ಲೂ ನಡೆಯಲ್ಲ. ನಿಮ್ಮಮ್ಮಂಗೆ ಯಾಕೆ ಎರಡು ರೂಪಾಯಿ ನಷ್ಟ, ನಾನೇ ತಗೋತೀನಿ ಬಿಡು" ಎಂದಿರಿ. ಒಳ್ಳೆಯ ಎರಡು ರೂಪಾಯಿ ಒಂದು ಕೊಟ್ಟಿರಿ. ನನಗೊಂದು ಪೆನ್ನು ಕೊಟ್ಟಿರಿ. ನೀವು ಹೋದ ಮೇಲೆ ಅಮ್ಮ, "ಎಂಥಾ ಒಳ್ಳೇರು ನೋಡು" ಎಂದಳು.

ಪೇಪರಿನ ಫೋಟೋದಲ್ಲಿ ನಡುವಿನ ಸಿಂಹದ ಮುಖದ ಮೇಲೆ ಅಡ್ಡ ಗೀರು ಕಾಣುತ್ತದೆ. ಅದು ನಮ್ಮಮ್ಮನ ಬೀಗದ ಕೈಯ ಗೀರು. ಫೋಟೋದ ಕೆಳಗೆ ಬರೆದಿದ್ದನ್ನು ಮೂರು ಸಲ ಓದಿದೆ. "ಆರ್.ಟಿ. ನಗರದ ದೇವಸ್ಥಾನವೊಂದರ ಪ್ರಸಾದದ ಕೌಂಟರಿನಲ್ಲಿ ವಾಪಸು ಕೊಟ್ಟ ಚಿಲ್ಲರೆಯಲ್ಲಿ ಸಿಕ್ಕ ಅಪರೂಪದ ನಾಣ್ಯ. 2017ರಲ್ಲೇ ಮುಂಬೈ ವ್ಯಾಪಾರಿಯೊಬ್ಬರು ಎಂಬತ್ತೈದು ಸಾವಿರ ಕೊಡಲು ಬಂದರೂ ಮಾರಲಿಲ್ಲ."

2017ರಲ್ಲಿ ನನ್ನ ಪಿಯುಸಿ ಮುಗಿದಿತ್ತು. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ ಸೀಟು ಸಿಕ್ಕಿತ್ತು. ಮೊದಲ ಕಂತು ಮೂವತ್ತು ಸಾವಿರ ಹೊಂದಿಸಲು ಆಗಲಿಲ್ಲ ಎಂದು ಅಮ್ಮ ನಿಮ್ಮ ಮುಂದೆಯೇ ಅತ್ತಳು. ನೀವು ಐನೂರರ ನೋಟು ಮೇಜಿನ ಮೇಲಿಟ್ಟು, "ಕರೆಸ್ಪಾಂಡೆನ್ಸಲ್ಲಿ ಬಿ.ಕಾಂ. ಮಾಡು, ಸಾಕು" ಎಂದಿರಿ. ನಾನು ಈಗ ಹೆಬ್ಬಾಳದ ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುತ್ತೇನೆ.

ಎರಡು ಪ್ರಶ್ನೆ. ಅದು ಏನೆಂದು ನಿಮಗೆ ಅವತ್ತೇ ಗೊತ್ತಿತ್ತೋ ಇಲ್ಲವೋ? ಮತ್ತೆ, ದೇವಸ್ಥಾನ ಎಲ್ಲಿಂದ ಬಂತು?

ನಿಮ್ಮ ಹಳೇ ನಂಬರ್ ಹೋಗುತ್ತಿಲ್ಲ. ವಿಳಾಸ ನಿಮ್ಮ ನಾಣ್ಯ ಸಂಗ್ರಹಕಾರರ ಬಳಗದ ಪ್ರದರ್ಶನದ ಕರಪತ್ರದಲ್ಲಿ ಸಿಕ್ಕಿತು. ಉತ್ತರ ಬರೆಯಿರಿ.

ಪದ್ಮಶ್ರೀ


ಆರ್.ಟಿ. ನಗರ
9 ಡಿಸೆಂಬರ್ 2024

ಚಿ|| ಕು|| ಪದ್ಮಶ್ರೀಗೆ ಆಶೀರ್ವಾದಗಳು.

ನಿನ್ನ ರಿಜಿಸ್ಟರ್ಡ್ ಪತ್ರ ತಲುಪಿತು. ಚಿಕ್ಕ ಹುಡುಗಿಯಾಗಿದ್ದಾಗ ನೋಡಿದ್ದವಳು ಇಷ್ಟು ಚೆನ್ನಾಗಿ ಬರೆಯುವುದನ್ನು ಕಂಡು ಸಂತೋಷವೇ ಆಯಿತು. ಆದರೆ ಹಿರಿಯರಿಗೆ ಬರೆಯುವ ಧಾಟಿ ಇದಲ್ಲ. ಅದು ನಿನ್ನ ವಯಸ್ಸು ಎಂದುಕೊಂಡಿದ್ದೇನೆ.

ಕೆಲವು ವಿಷಯ ಸ್ಪಷ್ಟವಾಗಿರಲಿ. ನಾನು ನಿನ್ನ ತಾಯಿಯಿಂದ ಏನನ್ನೂ ಪುಕ್ಕಟೆಯಾಗಿ ತೆಗೆದುಕೊಂಡವನಲ್ಲ. ನೂರು ರೂಪಾಯಿ ಚಿಲ್ಲರೆಗೆ ನೂರು ರೂಪಾಯಿ ನೋಟು ಕೊಟ್ಟಿದ್ದೇನೆ. ಎರಡು ರೂಪಾಯಿಗೆ ಎರಡು ರೂಪಾಯಿ ಕೊಟ್ಟಿದ್ದೇನೆ. ನಾಣ್ಯ ಸಂಗ್ರಹ ಮಾಡುವವರೆಲ್ಲರೂ ಹೀಗೆಯೇ ಮಾಡುವುದು. ಸಾವಿರಾರು ನಾಣ್ಯ ಜಾಲಾಡಿದರೆ ಒಂದು ಸಿಗುತ್ತದೆ. ಅದಕ್ಕೆ ಬೆಲೆ ಬರುವುದು ಅದನ್ನು ಗುರುತಿಸುವ ಕಣ್ಣಿನಿಂದ. ಆ ಕಣ್ಣಿಗೆ ನಾನು ನಲವತ್ತು ವರ್ಷ ಕೊಟ್ಟಿದ್ದೇನೆ. ಬೇರೆಯವರ ಕೈಗೆ ಸಿಕ್ಕಿದ್ದರೆ ಅದು ಯಾವುದೋ ಬಸ್ಸಿನಲ್ಲಿ, ಯಾವುದೋ ಅಂಗಡಿಯಲ್ಲಿ ಕಳೆದುಹೋಗುತ್ತಿತ್ತು.

ಪೇಪರಿನವರು ಏನೇನೋ ಬರೆಯುತ್ತಾರೆ. ಎಲ್ಲವನ್ನೂ ನಾನು ತಿದ್ದುವುದಕ್ಕಾಗುವುದಿಲ್ಲ.

ಆದರೂ ನಿಮ್ಮ ಮನೆಯ ಬಗ್ಗೆ ನನಗೆ ಅಭಿಮಾನವಿದೆ. ಇದರ ಜೊತೆ ಐದು ಸಾವಿರ ರೂಪಾಯಿಯ ಚೆಕ್ ಇಟ್ಟಿದ್ದೇನೆ. ನಿನ್ನ ತಾಯಿಗೆ ಒಂದು ಒಳ್ಳೆಯ ಸೀರೆ ಕೊಡಿಸು. ಈ ವಿಚಾರವನ್ನು ಬಳಗದವರಿಗಾಗಲೀ ಪೇಪರಿನವರಿಗಾಗಲೀ ಬರೆಯಬೇಡ. ನಾನೂ ಮಗ, ಸೊಸೆ ಇರುವ ಮನೆಯಲ್ಲಿ ಬದುಕುವವನು.

ಹಿತೈಷಿ,
ವೇಣುಗೋಪಾಲ್


ಅಬ್ಬಿಗೆರೆ
20 ಜನವರಿ 2025

ವೇಣುಗೋಪಾಲ್ ಅವರೇ,

ಚೆಕ್ ವಾಪಸು ಇಟ್ಟಿದ್ದೇನೆ. ನಿಮ್ಮ ಹೆಸರಿರುವ ಕಾಗದ ನಮ್ಮ ಮನೆಯಲ್ಲಿ ಬೇಡ ಎಂದು ಹರಿಯದೆ ಹಾಗೆಯೇ ಕಳಿಸುತ್ತಿದ್ದೇನೆ.

ಈ ಚೆಕ್ಕಿನಿಂದಲೇ ಅಮ್ಮನಿಗೆ ವಿಷಯ ಗೊತ್ತಾಯಿತು. ನಾನು ಪೇಪರನ್ನು ಬಚ್ಚಿಟ್ಟಿದ್ದೆ. ಚೆಕ್ಕನ್ನು ಅದರ ಮಡಿಕೆಯೊಳಗೆ ಇಟ್ಟಿದ್ದೆ. ಬೀರು ಒರೆಸುವಾಗ ಎರಡೂ ಅವಳ ಕೈಗೆ ಸಿಕ್ಕವು. ಪೇಪರಿನಲ್ಲಿ ಬಂದದ್ದನ್ನೆಲ್ಲ ನನ್ನಿಂದ ಓದಿಸಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. "ಸಾರ್ ಚೆನ್ನಾಗವ್ರಾ? ಸಣ್ಣಗಾಗವ್ರೆ" ಎಂದಳು, ಫೋಟೋ ನೋಡಿ. ಆಮೇಲೆ, "ಪ್ರದರ್ಶನ ಐತಂತಲ್ಲ ಯಲಹಂಕದಾಗೆ. ನೋಡ್ಕೊಂಡ್ ಬರಾಣ. ನಮ್ಮ ಡಬ್ಬಿ ಕಾಸು ಗಾಜಿನ ಪೆಟ್ಟಿಗೇಲಿ ಎಂಗ್ ಕಾಣ್ತದೋ" ಎಂದಳು.

ಬೇಡ ಎಂದೆ. ಕೇಳಲಿಲ್ಲ. ನನ್ನ ಸಿಟ್ಟು ಅವಳಿಗೆ ಅತಿ ಅನ್ನಿಸಿತ್ತು. "ಅವ್ರು ಕಾಸು ಕೊಟ್ಟೇ ತಗೊಂಡವ್ರೆ ಕಣೆ" ಎಂದು ನಿಮ್ಮ ಪರವಾಗಿಯೇ ಮಾತಾಡಿದಳು. ನೀವು ಬರೆದ ಮಾತನ್ನೇ ಅವಳು ಬಾಯಿಬಿಟ್ಟು ಹೇಳಿದಳು, ಅದೂ ನಿಮ್ಮ ಪತ್ರವನ್ನು ನಾನು ಓದಿ ಹೇಳುವುದಕ್ಕೆ ಮೊದಲೇ. ಇದನ್ನು ನೀವು ತಿಳಿದಿರಬೇಕು.

ಮೊನ್ನೆ ಶನಿವಾರ ರಜೆ ಹಾಕಿ, ಮದುವೆಗೆ ಉಡುವ ನೀಲಿ ಸೀರೆ ಉಟ್ಟು ಬಂದಳು. ಎರಡು ಬಸ್ಸು ಬದಲಾಯಿಸಿ ಯಲಹಂಕ ನ್ಯೂ ಟೌನಿನ ಆ ಕಲ್ಯಾಣ ಮಂಟಪಕ್ಕೆ ಬಂದೆವು. ನಾಣ್ಯವನ್ನು ನೀಲಿ ವೆಲ್ವೆಟ್ ಮೇಲೆ ಇಟ್ಟಿದ್ದಿರಿ. ಪಕ್ಕದ ಕಾರ್ಡಿನಲ್ಲಿ ಮತ್ತೆ ಅದೇ ದೇವಸ್ಥಾನ, ಅದೇ ಪ್ರಸಾದ. ಇದನ್ನು ಪೇಪರಿನವರು ಬರೆದಿರಲಿಲ್ಲ, ಸಾರ್. ನಿಮ್ಮ ಅಕ್ಷರ ನನಗೆ ಗೊತ್ತು.

ಮುಂದೆ ನಡೆದದ್ದು ನಿಮಗೂ ಗೊತ್ತು. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಅದನ್ನೂ ಬೇರೆ ಥರ ಹೇಳುತ್ತೀರಿ.

ಅಮ್ಮ ಕೈ ಮುಗಿದು, "ಸಾರ್, ಚೆನ್ನಾಗಿದ್ದೀರಾ?" ಎಂದಳು.

ನೀವು ಅವಳ ಮುಖ ನೋಡಿದಿರಿ. ಗುರುತು ಸಿಕ್ಕಿತು. ಸಿಕ್ಕಿದ್ದು ನನಗೆ ಕಂಡಿತು. ನಿಮ್ಮ ಪಕ್ಕದಲ್ಲಿ ನಿಮ್ಮ ಸೊಸೆ ನಿಂತಿದ್ದರು.

"ಯಾರಮ್ಮಾ ನೀವು?" ಎಂದಿರಿ.

"ನಾನು ಸಾರ್, ಪುಟ್ಟಲಕ್ಷ್ಮಿ. ಯಶವಂತಪುರ..."

ನೀವು ಅವಳ ಮಾತು ಮುಗಿಯಲು ಬಿಡಲಿಲ್ಲ. ಸೊಸೆಯ ಕಡೆ ತಿರುಗಿ, "ನಮ್ಮ ಹಳೇ ಬ್ರಾಂಚಲ್ಲಿ ಕಸ ಗುಡಿಸೋಳಿರ್ಬೇಕು ಸಂಹಿತಾ. ಏನೋ ಸಹಾಯ ಕೇಳೋಕ್ ಬಂದಿರ್ತಾರೆ" ಎಂದು ಹೇಳಿ ಆಚೆ ಹೋದಿರಿ.

ನಾನು ಕೂಗಾಡಬೇಕು ಎಂದಿದ್ದೆ. ಅಮ್ಮ ನನ್ನ ರಟ್ಟೆ ಹಿಡಿದುಕೊಂಡಳು. ಅಬ್ಬಿಗೆರೆ ತಲುಪುವ ತನಕ ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಅವಳ ಐದು ಬೆರಳೂ ನನ್ನ ತೋಳಿನ ಮೇಲೆ ಮೂಡಿದ್ದವು. ಅವತ್ತಿನಿಂದ ಅವಳು ನಿಮ್ಮ ಪರವಾಗಿ ಒಂದು ಮಾತೂ ಆಡಿಲ್ಲ.

ನಲವತ್ತು ವರ್ಷದ ಕಣ್ಣು ಎಂದು ಬರೆದಿದ್ದಿರಿ. ಆ ನಾಣ್ಯವನ್ನು ಮೊದಲು ಕಂಡದ್ದು ಹದಿನಾಲ್ಕು ವರ್ಷದ ಕಣ್ಣು. ಎಂಟು ವರ್ಷ ಎದುರಿಗೆ ಕೂತ ಹೆಂಗಸಿನ ಗುರುತಿದ್ದೂ ಇಲ್ಲವೆನ್ನುವ ಕಣ್ಣಿನ ಬಗ್ಗೆ ದಯವಿಟ್ಟು ಜಂಬ ಕೊಚ್ಚಬೇಡಿ.

ಪದ್ಮಶ್ರೀ


ಅಬ್ಬಿಗೆರೆ
9 ಫೆಬ್ರವರಿ 2025

ಇದು ಅಮ್ಮನ ಪತ್ರ. ಅವಳು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಂದು ಅಕ್ಷರವನ್ನೂ ತಿದ್ದಬಾರದೆಂದು ಹೇಳಿದ್ದಾಳೆ. — ಪದ್ಮಶ್ರೀ

ಸಾರ್, ನಾನು ಪುಟ್ಟಲಕ್ಷ್ಮಿ.

ನನ್ ಮಗಳು ಕಾಸಿಗೋಸ್ಕರ ಬರೀತಾವ್ಳೆ ಅಂತ ನೀವ್ ಅಂದ್ಕೊಂಡಿರ್ಬೋದು. ಕಾಸು ಬ್ಯಾಡ ಅಂತ ನಾನು ಹೇಳಾಕಿಲ್ಲ. ಕಾಸು ಯಾರಿಗ್ ಬ್ಯಾಡ? ಆದ್ರೆ ಇವತ್ತು ನಾನು ಬರೆಸ್ತಾ ಇರೋದು ಅದಕ್ಕಲ್ಲ.

ನಂಗೆ ಓದಾಕ್ ಬರಾಕಿಲ್ಲ. ದಡ್ಡಿ ಅಲ್ಲ. ನೀವು ಸುಮ್ನೆ ಚಿಲ್ಲರೆ ಬೇಕು ಅಂತ ಬತ್ತಿದ್ದಿಲ್ಲ, ಹುಡುಕಾಕ್ ಬತ್ತಿದ್ರಿ ಅಂತ ಮೊದಲ್ನೇ ತಿಂಗಳೇ ಗೊತ್ತಾಗಿತ್ತು. ಹುಡುಕ್ಕೊಳ್ಳಿ ಬಿಡು ಅಂದ್ಕೊಂಡೆ. ಅಷ್ಟ್ ದೊಡ್ಡ ಮನುಷ್ರು ನಮ್ಮ ಬಾಗಿಲಾಗೆ ಬಂದು ಕೂತ್ಕೊಂಡು ನನ್ ಮಗಳಿಗೆ ನಾಕಕ್ಷರ ಹೇಳ್ಕೊಡ್ತಾರೆ, ಅದು ಸಾಕಾಗಿತ್ತು ನಂಗೆ. ನೀವ್ ಬತ್ತೀರಿ ಅಂತ ಶನಿವಾರ ಶನಿವಾರ ಎರಡ್ ಸಲ ಫಿನಾಯಿಲ್ ಹಾಕಿ ತೊಳೀತಿದ್ದೆ. ಗೊತ್ತಾ ನಿಮ್ಗೆ?

ಇಪ್ಪತ್ತೆರಡು ವರ್ಷ ಆಯ್ತು ಸಾರ್ ನಾನು ಆ ಬಾಗಿಲಾಗೆ ಕೂತು. ಮೂಟೆ ಹೊರೋರು, ಲಾರಿ ಡ್ರೈವರ್‌ಗಳು, ಈರುಳ್ಳಿ ಆರ್ಸೋ ಹೆಂಗಸ್ರು, ಎಲ್ಲಾ ಬತ್ತಾರೆ. ಕುಡ್ಕೊಂಡ್ ಬಂದೋರು ಬಾಯಿಗ್ ಬಂದಂಗೆ ಬೈತಾರೆ. ಅವ್ರ್ ಯಾರೂನೂ ರಸ್ತೇಲಿ ಸಿಕ್ಕಿದ್ರೆ ನನ್ನ ಯಾರು ಅಂತ ಕೇಳಾಕಿಲ್ಲ. "ಏನ್ ಪುಟ್ಟಕ್ಕ, ಇತ್ತಾಗ್ ಬಂದೆ" ಅಂತಾರೆ. ನೀವು ಕೇಳಿದ್ರಿ.

ನನ್ನ ಗೊತ್ತಿಲ್ಲ ಅಂದ್ರಿ, ಆಗ್ಲಿ. ಆದ್ರೆ ನನ್ ಡಬ್ಬಿಗೆ ಬಿದ್ದ ಕಾಸ್‌ನ ದೇವ್ರ ಪ್ರಸಾದದ್ದು ಅಂತ ಯಾಕ್ ಬರೆದ್ರಿ? ಅಲ್ಲಿಂದ ತರೋವಾಗ ನಿಮ್ಗೆ ನಾಚ್ಕೆ ಇರ್ನಿಲ್ಲ. ತಂದ್‌ಮ್ಯಾಕೆ ನಾಚ್ಕೆ ಬಂತಾ? ಅಲ್ಲಿ ನಾನು ಕೂತ್ಕೊಂಡು ದುಡಿದು ಒಂದು ಮಗು ಸಾಕಿವ್ನಿ. ಅದು ಹೇಳ್ಬಾರದ ಜಾಗ ಅಲ್ಲ.

ನಿಮ್ಮ ಚೆಕ್ಕು ಬ್ಯಾಡ. ಆವತ್ ಅಲ್ಲಿ ಇದ್ರಲ್ಲ, ಕೋಟು ಹಾಕ್ಕೊಂಡು, ಆ ಜನದ್ ಮುಂದೆ ನಿಂತ್ಕೊಂಡು ಹೇಳಿ. ಎಲ್ಲಿ ಸಿಕ್ತು, ಯಾರ್ ಕೊಟ್ರು, ಅಷ್ಟೂ ಹೇಳಿ. ಹೇಳಾಕ್ ಆಗ್ದಿದ್ರೆ ಆ ಕಾರ್ಡ್ ಹರಿದಾಕಿ, ಸುಮ್ನೆ ಖಾಲಿ ಇಡಿ. ಸುಳ್ ಮಾತ್ರ ಇಡಬ್ಯಾಡಿ.

ಇಷ್ಟೇ.

ಪುಟ್ಟಲಕ್ಷ್ಮಿ
(ರುಜು ಅವಳದೇ. ಬರೆಯುವುದಕ್ಕೆ ಬರುವುದು ಅವಳಿಗೆ ಇದೊಂದೇ.)


ಆರ್.ಟಿ. ನಗರ
30 ಮಾರ್ಚ್ 2025, ಯುಗಾದಿ

ಪುಟ್ಟಲಕ್ಷ್ಮಿಯವರಿಗೆ ಮತ್ತು ಪದ್ಮಶ್ರೀಗೆ,

ಏಳು ವಾರ ಉತ್ತರ ಬರೆಯಲಿಲ್ಲ. ಬರೆದ ನಾಲ್ಕು ಉತ್ತರಗಳನ್ನು ಹರಿದುಹಾಕಿದೆ. ನಾಲ್ಕರಲ್ಲೂ ನನ್ನದೇ ಸರಿಯಾಗಿತ್ತು.

ನಿಮ್ಮ ಪತ್ರ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಬ್ಯಾಂಕಿನ ಕಾಗದವೆಂದು ಸಂಹಿತಾ ಒಡೆದು ಓದಿದ್ದಾಳೆ. ಸಂಜೆ ಕಾಫಿ ತಂದಿಟ್ಟು, "ಮಾವ, ಅವತ್ತು ನೀಲಿ ಸೀರೆ ಉಟ್ಕೊಂಡು ಬಂದಿದ್ರಲ್ಲ, ಇವರೇನಾ?" ಎಂದು ಕೇಳಿದಳು. ನಾನು ಹೌದು ಎಂದೆ. ಅವತ್ತಿನಿಂದ ನಾನು ಏನಾದರೂ ಹೇಳುವಾಗ ಅವಳು ನನ್ನ ಮುಖವನ್ನೇ ನೋಡುತ್ತಾಳೆ, ನಿಜ ಹೇಳುತ್ತಿದ್ದೇನೋ ಇಲ್ಲವೋ ಎನ್ನುವ ಹಾಗೆ.

ಪದ್ಮಶ್ರೀ, ನಿನ್ನ ಮೊದಲ ಪ್ರಶ್ನೆಗೆ ಉತ್ತರ. ಗೊತ್ತಿತ್ತು. ನೋಡಿದ ಕ್ಷಣವೇ ಗೊತ್ತಾಯಿತು. ನನ್ನ ಮುಖ ನೋಡಿ ನೀನು ತಿಳಿದುಬಿಡುತ್ತೀಯೆಂದು, ಪೆನ್ನು ಹುಡುಕುವವನ ಹಾಗೆ ಜೇಬಿನ ಕಡೆ ಬಗ್ಗಿದೆ.

ದೇವಸ್ಥಾನದ ಸುಳ್ಳು ಪೇಪರಿಗಾಗಿ ಹುಟ್ಟಿದ್ದಲ್ಲ. ನನ್ನ ಹೆಂಡತಿಗೆ ಹೇಳಿದ್ದು. ಅವಳಿಗೆ ಮಡಿ ಹೆಚ್ಚು. ಆ ಚಿಲ್ಲರೆ ಎಲ್ಲಿಂದ ಬರುತ್ತಿದೆಯೆಂದು ತಿಳಿದಿದ್ದರೆ ಚೀಲ ಹೊಸಿಲು ದಾಟುತ್ತಿರಲಿಲ್ಲ. ಹಿತ್ತಲಲ್ಲಿ ಸೋಪಿನ ನೀರಿನಲ್ಲಿ ತೊಳೆದು, ಗುಡಿಯ ಚಿಲ್ಲರೆ ಎಂದು ಒಳಗೆ ತರುತ್ತಿದ್ದೆ. ಅವಳು ಹೋಗಿ ಆರು ವರ್ಷವಾಯಿತು. ಆಮೇಲೂ ಅದನ್ನೇ ಹೇಳಿಕೊಂಡು ಬಂದೆ. ಅವಳ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ನನಗೂ ಆ ಸುಳ್ಳೇ ಹಿತವಾಗಿತ್ತು.

ಹೋದ ಭಾನುವಾರ ಬಳಗದ ತಿಂಗಳ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಜಾಗದ ಹೆಸರು, ನಿಮ್ಮಿಬ್ಬರ ಹೆಸರು, ನಾನು ಆಡಿದ ಮಾತು, ಪ್ರದರ್ಶನದ ದಿನ ನಡೆದುಕೊಂಡ ರೀತಿ, ಎಲ್ಲವನ್ನೂ. ಆ ಹೊತ್ತಿಗೆ ಒಬ್ಬ ಸದಸ್ಯರ ಕೈಯಲ್ಲಿ ನಾಣ್ಯವಿತ್ತು. ಶೌಚಾಲಯ ಎಂಬ ಮಾತು ಬಂದ ಕೂಡಲೇ ಅವರು ಅದನ್ನು ಮೇಜಿನ ಮೇಲಿಟ್ಟು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಮ್ಮ ಕಾರ್ಯದರ್ಶಿ ಸಿದ್ರಾಮಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ವೇಣು ಸಾರ್, ಮುಂದಿನ ಸಲ ಇದ್ನೆಲ್ಲ ಕಾರ್ಡಲ್ಲಿ ಹಾಕೋದ್ ಬೇಡ. ಪ್ರದರ್ಶನದ ಗೌರವ ಹೋಗುತ್ತೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೆ ಕೂಗಾಡಿದೆ. ಮನೆಗೆ ಬಂದ ಮೇಲೆ ಹೊಳೆಯಿತು, ಅವರು ಒಂದು ದಿನ ಆಡಿದ ಮಾತನ್ನು ನಾನು ಹನ್ನೆರಡು ವರ್ಷ ಆಡಿದ್ದೆ.

ಬಳಗದ ಪತ್ರಿಕೆಯಲ್ಲಿ ತಿದ್ದುಪಡಿ ಬಂದಿದೆ. ಪ್ರತಿ ಇಟ್ಟಿದ್ದೇನೆ. ನಾಣ್ಯವನ್ನೂ ಇಟ್ಟಿದ್ದೇನೆ. ಇದು ಸಹಾಯವಲ್ಲ. ನಿಮ್ಮದು, ನಿಮಗೆ ಬರುತ್ತಿದೆ.

ಒಂದು ಸಲ ಬಂದು ಪುಟ್ಟಲಕ್ಷ್ಮಿಯವರನ್ನು ನೋಡಬಹುದೇ?

ವೇಣುಗೋಪಾಲ್


ಅಬ್ಬಿಗೆರೆ
4 ಮೇ 2025

ವೇಣುಗೋಪಾಲ್ ಅವರಿಗೆ,

ಪಾರ್ಸೆಲ್ ತಲುಪಿತು. ತಿದ್ದುಪಡಿಯನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು. ಅವಳ ಹೆಸರಿನ ಕೆಳಗೆ ಬೆರಳಿಡು ಎಂದಳು, ಇಟ್ಟು ತೋರಿಸಿದೆ.

ನಾಣ್ಯವನ್ನು ಮಾರಿದೆವು. ಯಶವಂತಪುರದಲ್ಲಿ ಹಳೇ ನಾಣ್ಯದ ಅಂಗಡಿ ಇಟ್ಟಿರುವ ಖಾದರ್ ಬಾಷಾ ಅವರ ಹತ್ತಿರ ಹೋದೆ. ಗೀರು ಇಲ್ಲದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು ಎಂದರು. ಮೂರು ವಾರ ಹುಡುಕಿ ದಾವಣಗೆರೆಯವರೊಬ್ಬರಿಗೆ ಎಪ್ಪತ್ತೊಂದು ಸಾವಿರಕ್ಕೆ ಕೊಡಿಸಿದರು. ರಸೀದಿಯಲ್ಲಿ ನಾಣ್ಯ ಎಲ್ಲಿ ಸಿಕ್ಕಿತೆಂದು ಬರೆಯಲೇಬೇಕು ಎಂದು ಅಮ್ಮ ಹಟ ಹಿಡಿದಳು. ಕೊಳ್ಳುವವರು ಹಿಂದೆ ಸರಿಯುತ್ತಾರೇನೋ ಎಂದು ನನಗೆ ಭಯವಿತ್ತು. ಖಾದರ್ ಸಾಹೇಬರು, "ಬರಿಯಮ್ಮ, ಬರಿ. ಎಲ್ಲಿ ಸಿಕ್ತು ಅನ್ನೋದು ಗೊತ್ತಿದ್ರೆ ಕಾಸಿಗೆ ಇನ್ನೂ ತೂಕ ಜಾಸ್ತಿ" ಎಂದರು. ದಾವಣಗೆರೆಯವರು ಓದಿ ಸಹಿ ಹಾಕಿದರು. ಕೈ ಒರೆಸಿಕೊಳ್ಳಲಿಲ್ಲ.

ಆ ದುಡ್ಡಿನಲ್ಲಿ ನಾನು ಡಿಪ್ಲೊಮಾಗೆ ಅರ್ಜಿ ಹಾಕಬೇಕೆಂದು ಅಮ್ಮನ ಹುಕುಂ. ಹಾಕಿದ್ದೇನೆ. ಈಗ ನನಗೆ ಇಪ್ಪತ್ತಾರು. ಅರ್ಜಿ ತೆಗೆದುಕೊಂಡ ಹುಡುಗಿ, "ಮೇಡಂ, ತಂಗೀಗಾ?" ಎಂದು ಕೇಳಿದಳು.

ನಿಮ್ಮ ಪತ್ರವನ್ನು ಬಹಳ ಸಲ ಓದಿದೆ. ಸುಳ್ಳಿಲ್ಲ. ಹಾಗೆ ಎದ್ದು ನಿಂತು ಹೇಳುವುದು ಸುಲಭವಲ್ಲವೆಂಬುದೂ ಗೊತ್ತು. ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿದಿಲ್ಲ. ಯಾಕೆಂದು ಹೇಳುತ್ತೇನೆ. ದುಡ್ಡು ತಡವಾಗಿ ಬಂತು ಎಂದಲ್ಲ. ಆ ಶನಿವಾರ ನಾನು ಏನೋ ಕಂಡುಹಿಡಿದೆ ಎಂದು ಕುಣಿಯುತ್ತ ನಿಮಗೆ ತೋರಿಸಿದ್ದೆ. ನೀವು ಅದು ಹಾಳು ಎಂದಿರಿ. ನಾನು ನಂಬಿದೆ. ಆಮೇಲೆ ಎಷ್ಟೋ ವರ್ಷ, ಏನಾದರೂ ಬೇರೆ ಥರ ಕಂಡರೆ, ಕ್ಲಾಸಿನಲ್ಲಿ, ಕೆಲಸದಲ್ಲಿ, ನಾನೇ ತಪ್ಪು ನೋಡಿದ್ದೇನೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೇನೆ. ನನ್ನ ಕಣ್ಣು ಸರಿಯಿತ್ತು ಎಂದು ನನಗೆ ಗೊತ್ತಾಗುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು, ಅದೂ ಪೇಪರಿನಿಂದ. ಅದನ್ನು ಯಾವ ಪಾರ್ಸೆಲ್ಲಿನಲ್ಲಿ ವಾಪಸು ಕಳಿಸುತ್ತೀರಿ?

ಬರಬಹುದೇ ಎಂದು ಕೇಳಿದ್ದೀರಿ. ಅಮ್ಮನನ್ನು ಕೇಳಿದೆ. "ಬರ್ಲಿ ಬಿಡು. ಬಾಗಿಲು ತೆಗೆದೇ ಇರ್ತದಲ್ಲ" ಎಂದಳು. ಅದು ಅವಳ ಜಾಗ. ಯಾರು ಬರಬೇಕು ಎನ್ನುವುದೂ ಅವಳಿಗೆ ಸೇರಿದ್ದು.

ಅವಳ ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ವಾರದ ಏಳೂ ದಿನ. ಭಾನುವಾರ ನನಗೆ ರಜೆ. ಅವತ್ತು ಅವಳಿಗೆ ಊಟ ತೆಗೆದುಕೊಂಡು ಹೋಗಿ ನಾನೂ ಅಲ್ಲೇ ಇರುತ್ತೇನೆ.

ಭಾನುವಾರ ಬಿಟ್ಟು ಯಾವಾಗ ಬೇಕಾದರೂ ಬನ್ನಿ.

ಪದ್ಮಶ್ರೀ